ನಾಲ್ಕನೇ ಅಡ್ಡರಸ್ತೆಯ ದೊಡ್ಡ ಸೊಸೆ

ನಮ್ಮ ಭಾವ ಹತ್ತೊಂಬತ್ತು ವರ್ಷ ಟಿವಿಯ ಹಿಂದೆ ಕೂತು ಊಟ ಮಾಡಿದ ಮನುಷ್ಯ. ಹೇಳಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಮೊದಲು ಆ ನಡುಮನೆಯ ನಕ್ಷೆ ಕೊಟ್ಟುಬಿಡುತ್ತೇನೆ.

ನಡುಮನೆಯಲ್ಲಿ ಇರುವುದು ಒಂದೇ ಸೋಫಾ. ಅದರ ಮಧ್ಯದ ಜಾಗ ನಮ್ಮ ಅಮ್ಮನದು, ಅಂದರೆ ಭಾವನ ಅತ್ತೆಯದು. ಬಲಕ್ಕೆ ನಮ್ಮ ಅಕ್ಕ. ಎಡಕ್ಕೆ ಅಕ್ಕನ ಮಗಳು, ಕಾಲೇಜಿಗೆ ಹೋಗುವ ಹುಡುಗಿ. ಎದುರಿಗೆ, ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿಕೊಂಡು ಟಿವಿ. ಆ ಬೆನ್ನಿನ ಹಿಂದೆ ಒಂದು ಸ್ಟೂಲು. ಸ್ಟೂಲು ಭಾವನದು. ಅಲ್ಲಿ ಕೂತವರಿಗೆ ಟಿವಿಯ ವೈರುಗಳು ಕಾಣುತ್ತವೆ, ವೈರುಗಳ ಆಚೆ ಮೂರು ಮುಖಗಳು ಕಾಣುತ್ತವೆ. ಪರದೆಯ ಮೇಲೆ ಯಾರು ಸತ್ತರು, ಯಾರು ಬದುಕಿದರು ಎನ್ನುವುದನ್ನು ಭಾವ ಈ ಮೂರು ಮುಖಗಳಿಂದಲೇ ತಿಳಿದುಕೊಳ್ಳಬೇಕು. ಮದುವೆಯಾಗಿ ಇಪ್ಪತ್ತು ವರ್ಷ; ಅದರಲ್ಲಿ ಹತ್ತೊಂಬತ್ತು ಹೀಗೆ ಕಳೆದವು. ಮೊದಲನೆಯ ವರ್ಷ ಅಮ್ಮ ಇನ್ನೂ ಬಂದಿರಲಿಲ್ಲ. ಆಮೇಲೆ ಹದಿನೈದು ದಿನ ಇದ್ದು ಹೋಗುತ್ತೇನೆಂದು ಬಂದಳು. ಅವಳನ್ನು ವಾಪಸು ಕರೆದುಕೊಂಡು ಹೋಗಲು ನಾನು ಬಂದೆ. ಇಬ್ಬರೂ ಇದ್ದೇವೆ. ನಾನು ಸೋಫಾಕ್ಕೆ ಒರಗಿ ನೆಲದ ಮೇಲೆ ಕೂರುತ್ತೇನೆ, ನನಗೆ ಪರದೆ ಚೆನ್ನಾಗಿ ಕಾಣುತ್ತದೆ.

ಅದೇ ಮನೆಯ ಮುಂಭಾಗದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಇದ್ದದ್ದನ್ನು ಇದ್ದ ಹಾಗೆ ತೋರಿಸುವುದು ನನ್ನ ಕಸುಬು, ಆದ್ದರಿಂದ ಈ ಕಥೆಯನ್ನೂ ಹಾಗೇ ಹೇಳುತ್ತೇನೆ.

ಭಾವ ವಿದ್ಯುತ್ ಕಚೇರಿಯ ಮೀಟರ್ ರೀಡರ್. ಗೇಟು ತೆಗೆದು, "ಮೀಟರ್!" ಎಂದು ಕೂಗಿ, ಮೆಟ್ಟಿಲ ಕೆಳಗಿನ ಪೆಟ್ಟಿಗೆಗೆ ಟಾರ್ಚು ಬಿಟ್ಟು, ಅಂಕಿಯನ್ನು ಕೈಯಲ್ಲಿರುವ ಮಿಷನ್ನಿಗೆ ಒತ್ತಿ, ಅದು ಉಗುಳಿದ ಚೀಟಿಯನ್ನು ಕಿಟಕಿಯೊಳಗೆ ಚಾಚುವುದು ಅವರ ಕೆಲಸ. ಒಂದು ಮನೆಗೆ ಎರಡು ನಿಮಿಷ, ದಿನಕ್ಕೆ ಎಂಬತ್ತು ಮನೆ. ಕೆಲಸದಲ್ಲಿ ಅವರದೊಂದು ಹಟವಿದೆ. ಮನೆಯವರು ಏನೇ ಹೇಳಲಿ, "ನಾವು ಊರಲ್ಲೇ ಇರಲಿಲ್ಲ" ಎನ್ನಲಿ, "ಫ್ಯಾನೇ ಹಾಕಿಲ್ಲ" ಎನ್ನಲಿ, ಭಾವನ ಉತ್ತರ ಒಂದೇ: "ನಾನು ಕಣ್ಣಲ್ಲಿ ನೋಡಿದ್ದನ್ನ ಬರೀತೀನಿ."

ಇಂಥ ಮನುಷ್ಯನಿಗೆ ಮನೆಯಲ್ಲಿ ಬೇಕಾಗಿದ್ದದ್ದು ಒಂದೇ ಒಂದು. ತಾನು ಒಂದು ಮಾತಾಡಿದರೆ ಆ ಸೋಫಾದಿಂದ ಯಾರಾದರೂ ಒಬ್ಬರು ತಿರುಗಿ ಉತ್ತರ ಕೊಡಬೇಕು. ಅದು ಸಿಗುತ್ತಿರಲಿಲ್ಲ. ಅಮ್ಮ ಅಂತೂ ಅಳಿಯನ ಜೊತೆ ನೇರವಾಗಿ ಮಾತಾಡಿದ್ದೇ ಇಲ್ಲ. ಎದುರಿಗೇ ಇರುವವರಿಗೆ, "ನಿನ್ನ ಗಂಡನಿಗೆ ಹೇಳು, ಲೈಟ್ ಆರಿಸಲಿ" ಎಂದು ಅಕ್ಕನ ಮೂಲಕ ಹೇಳಿ ಕಳಿಸುತ್ತಿದ್ದಳು. ಭಾವ ಲೈಟ್ ಆರಿಸುತ್ತಿದ್ದರು. ನನಗೆ ಕೆಲವು ಸಲ ಪಾಪ ಅನಿಸುತ್ತಿತ್ತು, ಆದರೆ ಅಷ್ಟರಲ್ಲಿ ಜಾಹೀರಾತು ಮುಗಿದುಹೋಗುತ್ತಿತ್ತು.

ಆಗ ನಡೆಯುತ್ತಿದ್ದ ಧಾರಾವಾಹಿ ‘ಮುಚ್ಚಿದ ಕಿಟಕಿ’. ಸಂಜೆ ಏಳೂವರೆಗೆ ಬರುತ್ತದೆ, ಮಾರನೇ ದಿನ ಮಧ್ಯಾಹ್ನ ಎರಡಕ್ಕೆ ಮತ್ತೆ ಬರುತ್ತದೆ. ಅದರ ದೊಡ್ಡ ಸೊಸೆ ಎಂಟುನೂರ ಹನ್ನೆರಡು ಕಂತುಗಳಲ್ಲಿ ಒಮ್ಮೆಯೂ ದನಿ ಎತ್ತಿದವಳಲ್ಲ. ಬೈದರೆ ಅಳುತ್ತಾಳೆ, ಹೊಗಳಿದರೆ ಇನ್ನೂ ಜೋರಾಗಿ ಅಳುತ್ತಾಳೆ. ಅಂಥ ಮನೆಯಲ್ಲಿ ಯಾರೋ ಅತ್ತೆಯ ಹಾಲಿಗೆ ವಿಷ ಹಾಕಿಬಿಟ್ಟಿದ್ದರು. ಅತ್ತೆ ಆರು ವಾರದಿಂದ ಪ್ರಜ್ಞೆಯಿಲ್ಲದೆ ಮಲಗಿದ್ದಳು, ಬಡಾವಣೆ ಆರು ವಾರದಿಂದ ನಿದ್ದೆಗೆಟ್ಟು ಕೂತಿತ್ತು.

ಒಂದು ಸಂಜೆ ಜಾಹೀರಾತಿನ ನಡುವೆ ಚರ್ಚೆ ಎದ್ದಿತು.

"ವಿಷ ಹಾಕಿದ್ದು ಚಿಕ್ಕ ಸೊಸೆನೇ. ಅವಳ ಹುಬ್ಬು ನೋಡಿದ್ರೇ ಗೊತ್ತಾಗುತ್ತೆ" ಎಂದಳು ಅಮ್ಮ.

"ಅಲ್ಲಮ್ಮ, ಮೈದುನ" ಎಂದಳು ಅಕ್ಕ. "ಹೋದ ವಾರ ಕನ್ನಡಿ ಮುಂದೆ ನಿಂತು ಒಬ್ಬನೇ ನಗ್ತಿದ್ದ."

"ಡೈರೆಕ್ಟರ್‌ಗೇ ಗೊತ್ತಿಲ್ವಂತೆ ಅಜ್ಜಿ, ಇಂಟರ್‌ವ್ಯೂನಲ್ಲಿ ಹೇಳಿದಾರೆ" ಎಂದಳು ಹುಡುಗಿ.

ಟಿವಿಯ ಹಿಂದಿನಿಂದ ಒಂದು ದನಿ ಬಂತು. "ದೊಡ್ಡ ಸೊಸೆ."

ಯಾರೂ ತಿರುಗಲಿಲ್ಲ. ಭಾವ ತುತ್ತು ನುಂಗಿ ಇನ್ನೊಮ್ಮೆ ಹೇಳಿದರು. "ದೊಡ್ಡ ಸೊಸೆನೇ ಹಾಕಿದ್ದು. ನೀಲಿ ಬಣ್ಣದ ಸೀಸೆ. ನಾಲ್ಕು ಹನಿ. ಚಮಚದಲ್ಲಿ ಕಲಕಿದ್ಲು, ಆಮೇಲೆ ಚಮಚ ತೊಳೆದಿಟ್ಲು. ನಾನು ಕಣ್ಣಲ್ಲಿ ನೋಡಿದೀನಿ."

ಅಮ್ಮನ ಕೈ ರಿಮೋಟಿನತ್ತ ಹೋಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲನೇ ಸಲ ಆ ಮನೆಯಲ್ಲಿ ಏಳೂವರೆಯಿಂದ ಎಂಟರ ನಡುವೆ ಟಿವಿಯ ದನಿ ನಿಂತಿತು.

"ಎಲ್ಲಿ ನೋಡಿದ್ರಂತೆ, ಕೇಳು" ಎಂದಳು ಅಕ್ಕನಿಗೆ.

"ನಾಲ್ಕನೇ ಅಡ್ಡರಸ್ತೆ, ಹನ್ನೊಂದನೇ ನಂಬರ್ ಮನೆ" ಎಂದರು ಭಾವ. "ಮಂಗಳವಾರ ಮಧ್ಯಾಹ್ನ ಎರಡೂಕಾಲು."

"ಮಂಗಳವಾರದ ಕಂತಲ್ಲಿ ಅದು ಬಂದೇ ಇಲ್ಲ" ಎಂದಳು ಅಕ್ಕ.

ಅಮ್ಮ ಯೋಚಿಸಿದಳು. ಅವಳು ಯೋಚಿಸುವಾಗ ನಾವು ಉಸಿರು ಬಿಗಿಹಿಡಿಯುತ್ತೇವೆ. "ಹನ್ನೊಂದನೇ ನಂಬರ್ ಮನೆಯವಳ ತಮ್ಮ ಕ್ಯಾಮರಾ ಕೆಲಸದಲ್ಲಿದಾನೆ ಅಲ್ವಾ?" ಎಂದಳು ನಿಧಾನವಾಗಿ. "ಹಾಗಾದ್ರೆ ಮುಂದೆ ಬರೋ ಕಂತುಗಳು ಆ ಮನೆಗೆ ಮೊದಲೇ ಬರುತ್ತೆ."

ಆ ತಮ್ಮ ಅಂಗಡಿಗಳ ಗೋಡೆಗೆ ಕಳ್ಳರನ್ನು ಹಿಡಿಯುವ ಕ್ಯಾಮರಾ ಕೂರಿಸುವವನು. ಅದು ನನಗೆ ಗೊತ್ತಿತ್ತು. ಆದರೆ ಅಮ್ಮ ಆಗಲೇ ಮೊಮ್ಮಗಳನ್ನು ಒಂದು ಗೇಣು ಆಚೆ ತಳ್ಳಿ ಸೋಫಾದಲ್ಲಿ ಜಾಗ ಮಾಡಿಯಾಗಿತ್ತು.

"ಅಲ್ಯಾಕೆ ಕೂತಿದೀರಿ?" ಎಂದಳು, ಅಕ್ಕನ ಮೂಲಕ ಅಲ್ಲ, ನೇರವಾಗಿ. "ಇಲ್ಲಿ ಬನ್ನಿ, ಅಳಿಯಂದ್ರೇ."

ಭಾವ ತಟ್ಟೆ ಹಿಡಿದುಕೊಂಡು ಬಂದು ಸೋಫಾದ ತುದಿಯಲ್ಲಿ ಕೂತರು. ಅವರ ಕಣ್ಣು ತುಂಬಿತ್ತು. ಧಾರಾವಾಹಿಯ ಕಥೆಗೆ ಅಂತ ಎಲ್ಲರೂ ತಿಳಿದುಕೊಂಡರು.

ಬಡಾವಣೆಗೆ ಸುದ್ದಿ ಹಬ್ಬಲು ಒಂದು ಬೆಳಗು ಸಾಕಾಯಿತು. ಮೀಟರಿನವರು ಮುಂದಿನ ಕಂತು ನೋಡಿ ಬಂದಿದ್ದಾರಂತೆ! ಗೇಟು ತೆಗೆದರೆ ನಾಯಿ ಬಿಡುತ್ತಿದ್ದ ಮನೆಗಳಲ್ಲಿ ಕುರ್ಚಿ ಹಾಕಿದರು. ಟೀ ಕೊಟ್ಟರು. ಒಂದು ಮನೆಯ ಅಜ್ಜಿ, "ನನ್ನ ಆಯುಸ್ಸು ಹೆಚ್ಚಿಲ್ಲ, ಕೊನೆಗೆ ಏನಾಗುತ್ತೆ ಈಗಲೇ ಹೇಳಿಬಿಡಪ್ಪ" ಎಂದು ಕೈ ಹಿಡಿದುಕೊಂಡರಂತೆ. ಭಾವ ಸುಳ್ಳು ಹೇಳುವವರಲ್ಲ. ಕಂಡದ್ದನ್ನು ಹೇಳಿದರು. ದೊಡ್ಡ ಸೊಸೆ ಅಡುಗೆಮನೆಯಲ್ಲಿ ಅಳುತ್ತಾಳೆ. ಆಮೇಲೆ ಬಿಳಿ ಕೋಟು ಹಾಕಿಕೊಂಡು ಆಸ್ಪತ್ರೆಯಲ್ಲಿ ಆಪರೇಷನ್ ಮಾಡುತ್ತಾಳೆ. ಆಮೇಲೆ ಮನೆಗೆ ಬಂದು ಹಾಲಿಗೆ ವಿಷ ಹಾಕುತ್ತಾಳೆ.

"ದೊಡ್ಡ ಸೊಸೆ ಡಾಕ್ಟರ್ ಆಗ್ತಾಳಾ!" ಎಂದು ಜನ ಹೌಹಾರಿದರು. ಏಳನೇ ತರಗತಿಗೆ ಓದು ಬಿಟ್ಟವಳು ಡಾಕ್ಟರ್ ಆಗುವುದಕ್ಕೆ ಇನ್ನೆಷ್ಟು ಕಂತು ಬೇಕು ಎಂದು ದರ್ಜಿ ಅಂಗಡಿಯಲ್ಲಿ ಲೆಕ್ಕ ಹಾಕಿದರು. ಯಾರೂ ಅನುಮಾನ ಮಾಡಲಿಲ್ಲ. ಧಾರಾವಾಹಿ ನೋಡುವವರಿಗೆ ಇದಕ್ಕಿಂತ ದೊಡ್ಡದನ್ನು ನುಂಗಿ ಅಭ್ಯಾಸವಿರುತ್ತದೆ.

ಆದರೆ ದೊಡ್ಡ ಸೊಸೆಗೂ ಒಂದು ಅಭಿಮಾನಿ ಬಳಗವಿತ್ತು. ಅದರ ಅಧ್ಯಕ್ಷೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಬಡಾವಣೆಗೆಲ್ಲ ಅವರು ಹೆಡ್ ಮೇಡಂ. ಎಂಟುನೂರ ಹನ್ನೆರಡು ಕಂತುಗಳಿಗೂ ಟಿಪ್ಪಣಿ ಬರೆದು ಒಂಬತ್ತು ನೋಟ್‌ಬುಕ್ ತುಂಬಿಸಿದವರು. ಹಿಂದೊಮ್ಮೆ ವಾಚನಾಲಯದಲ್ಲಿ ನಮ್ಮ ಅಮ್ಮ ಯಾವುದೋ ಸಿನಿಮಾದ ಕಥೆ ಹೇಳುವಾಗ, ಎಲ್ಲರ ಮುಂದೆ, "ನೀವು ಇಂಟರ್‌ವಲ್ ಆದಮೇಲೆ ನಿದ್ದೆ ಮಾಡಿದೀರಿ" ಎಂದವರು. ಅಮ್ಮ ಅದನ್ನು ಇನ್ನೂ ಮರೆತಿಲ್ಲ. ನಿಜವಾದದ್ದರಿಂದ ಇನ್ನೂ ಮರೆತಿಲ್ಲ.

ಹೆಡ್ ಮೇಡಂ ಅಪ್ಪಣೆ ಹೊರಡಿಸಿದರು: ದೊಡ್ಡ ಸೊಸೆಯನ್ನು ಕೊಲೆಗಾತಿ ಅಂದವರಿಗೆ ಗೇಟು ತೆಗೆಯಬಾರದು. ಐದನೇ ಅಡ್ಡರಸ್ತೆಯಲ್ಲಿ ಇಪ್ಪತ್ಮೂರು ಮನೆಗಳು ತೆಗೆಯಲಿಲ್ಲ. ವಿಷಯ ವಿದ್ಯುತ್ ಕಚೇರಿಗೆ ಹೋಯಿತು, ಸಾಹೇಬರು ಭಾವನನ್ನು ಕರೆಸಿದರು.

"ಇಪ್ಪತ್ಮೂರು ಮನೆಗೆ ‘ಬೀಗ ಹಾಕಿದೆ’ ಅಂತ ಬರೆದಿದೀರಿ. ಮನೇಲಿ ಜನ ಇದ್ರಲ್ಲ?"

"ಇದ್ರು ಸಾರ್. ಒಳಗಿಂದ ಹಾಕಿದ್ರು."

"ಯಾಕೆ?"

"ನಾನು ದೊಡ್ಡ ಸೊಸೆ ವಿಷಯ ನಿಜ ಹೇಳಿದೆ, ಅದಕ್ಕೆ."

ಸಾಹೇಬರು ಪೆನ್ನು ಕೆಳಗಿಟ್ಟರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಭಾವ ನೌಕರಿ ಹೋಯಿತು ಅಂದುಕೊಂಡರು. ಸಾಹೇಬರು ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿ, "ಆ ಆಪರೇಷನ್ ಮಾಡ್ತಾಳಲ್ಲ, ಅದು ಯಾರಿಗೆ ರೀ? ನಮ್ಮ ಮನೇಲಿ ಎರಡು ದಿನದಿಂದ ಇದೇ ಜಗಳ" ಎಂದರು.

"ಮುಖಕ್ಕೆ ಬಟ್ಟೆ ಮುಚ್ಚಿತ್ತು ಸಾರ್" ಎಂದರು ಭಾವ. "ಕಾಣದೇ ಇರೋದನ್ನ ನಾನು ಹೇಳಲ್ಲ."

ಸಾಹೇಬರು ನಿರಾಶೆಯಿಂದ ಮೆಮೋ ಕೊಟ್ಟರು. ಕಂಡಿದ್ದರೆ ಕೊಡುತ್ತಿರಲಿಲ್ಲ ಎಂದು ನನ್ನ ಊಹೆ.

ಗುರುವಾರ ಹೆಡ್ ಮೇಡಂ ನನ್ನ ಅಂಗಡಿಗೆ ಬಂದು ಒಂದು ಕಾಗದ ಇಟ್ಟರು. "ಇನ್ನೂರು ಪ್ರತಿ. ನಿಮ್ಮ ಭಾವನಿಗೂ ಒಂದು ಕೊಡಿ." ಮುದ್ದಾದ ಅಕ್ಷರದಲ್ಲಿ ಬರೆದಿತ್ತು: ‘ಭಾನುವಾರ ಸಂಜೆ ನಾಲ್ಕಕ್ಕೆ ವಾಚನಾಲಯದಲ್ಲಿ ಚರ್ಚೆ. ವಿಷಯ: ದೊಡ್ಡ ಸೊಸೆ ಒಳ್ಳೆಯವಳೇ, ಕೆಟ್ಟವಳೇ? ಅಧ್ಯಕ್ಷತೆ: ಔಷಧಿ ಅಂಗಡಿಯವರು.’ ಔಷಧಿ ಅಂಗಡಿಯವರು ಯಾಕೆಂದರೆ, ಎರಡೂ ಪಕ್ಷದವರು ರಕ್ತದೊತ್ತಡದ ಮಾತ್ರೆ ಅವರಲ್ಲೇ ಕೊಳ್ಳುವುದು. ಅಷ್ಟು ನಿಷ್ಪಕ್ಷಪಾತಿ ಬೇರೆ ಯಾರೂ ಸಿಗಲಿಲ್ಲ.

ಅಮ್ಮ ಕರಪತ್ರ ಓದಿ ಎದ್ದು ನಿಂತಳು. "ನಮ್ಮ ಅಳಿಯಂದ್ರು ಬರ್ತಾರೆ ಅಂತ ಹೇಳು ಆ ಹೆಂಗಸಿಗೆ. ಇಂಟರ್‌ವಲ್ ಆದಮೇಲೆ ಯಾರು ನಿದ್ದೆ ಮಾಡ್ತಾರೆ ನೋಡೋಣ." ಆ ನಾಲ್ಕು ದಿನ ಭಾವನಿಗೆ ಬಿಸಿ ಊಟ, ಸೋಫಾದಲ್ಲಿ ದಿಂಬು, ಮಾತು ಮಾತಿಗೂ ‘ಅಳಿಯಂದ್ರು’. ಅಕ್ಕ ಕೂಡ, "ರೀ, ಇವತ್ತು ಯಾವ ರಸ್ತೆ?" ಎಂದು ಕೇಳತೊಡಗಿದಳು. ಇಪ್ಪತ್ತು ವರ್ಷದಲ್ಲಿ ಕೇಳಿರದ ಪ್ರಶ್ನೆ. ಭಾವ ರಸ್ತೆಯ ಹೆಸರಿನಿಂದ ಹಿಡಿದು ಕಂಬಗಳ ಸಂಖ್ಯೆಯವರೆಗೆ ಉತ್ತರ ಕೊಟ್ಟರು.

ಶನಿವಾರ ಅವರು ಅಂಗಡಿಗೆ ಬಂದು ತಮ್ಮ ರೀಡಿಂಗ್ ಪುಸ್ತಕದ ನಾಲ್ಕು ಹಾಳೆ ಕೊಟ್ಟರು. "ಹತ್ತು ಪ್ರತಿ ತೆಗೆಯೋ. ಸಭೆಯಲ್ಲಿ ಹಂಚೋಕೆ." ನಾನು ಗಾಜಿನ ಮೇಲೆ ಹಾಳೆ ಇಡುತ್ತಾ ಓದಿದೆ.

‘ನಾಲ್ಕನೇ ಅಡ್ಡರಸ್ತೆ. ಮನೆ 9, ಗಂಟೆ 2.10: ಅಳುತ್ತಿದ್ದಾಳೆ. ಮನೆ 10, ಗಂಟೆ 2.12: ಆಪರೇಷನ್. ಮನೆ 11, ಗಂಟೆ 2.15: ಹಾಲಿಗೆ ನೀಲಿ ಸೀಸೆ. ಮನೆ 12: ಬೀಗ ಹಾಕಿದೆ. ಮನೆ 13, ಗಂಟೆ 2.21: ಪುನಃ ಅಳುತ್ತಿದ್ದಾಳೆ.’

ನನ್ನ ಕೈ ಅಲ್ಲೇ ನಿಂತಿತು. ಆ ನಟಿ ಮಧ್ಯಾಹ್ನ ಎರಡು ಗಂಟೆಗೆ ಮೂರು ಚಾನೆಲ್‌ಗಳಲ್ಲಿ ಬರುತ್ತಾಳೆ. ಒಂದರಲ್ಲಿ ‘ಮುಚ್ಚಿದ ಕಿಟಕಿ’ಯ ದೊಡ್ಡ ಸೊಸೆ. ಇನ್ನೊಂದರಲ್ಲಿ ‘ಬಿಳಿ ಕೋಟಿನ ಹುಡುಗಿ’, ಅಲ್ಲಿ ಡಾಕ್ಟರು. ಮತ್ತೊಂದರಲ್ಲಿ ಹತ್ತು ವರ್ಷ ಹಳೆಯದಾದ ‘ಮೌನದ ಸೇಡು’ ಮರುಪ್ರಸಾರ, ಅಲ್ಲಿ ವಿಷ ಹಾಕುವವಳು. ಒಂದೊಂದು ಮನೆಯಲ್ಲಿ ಒಂದೊಂದು ಚಾನೆಲ್. ಭಾವ ಕಿಟಕಿಯಿಂದ ಕಿಟಕಿಗೆ ನಡೆಯುತ್ತಾ ಮೂರನ್ನೂ ಒಂದೇ ಕಥೆ ಮಾಡಿಕೊಂಡಿದ್ದರು.

"ಭಾವ," ಎಂದೆ, "ಇದು ಒಂದು ಧಾರಾವಾಹಿ ಅಲ್ಲ. ಮೂರು."

"ಏನು ಹೇಳ್ತೀಯೋ? ಅದೇ ಹೆಂಗಸು."

"ಹೆಂಗಸು ಅದೇ. ಕಥೆ ಬೇರೆ."

"ಅದೇ ಮನೆ ಕಣೋ! ನಡುವೆ ಮೆಟ್ಟಿಲು, ಮೆಟ್ಟಿಲ ಪಕ್ಕ ದೊಡ್ಡ ಹೂದಾನಿ."

"ಎಲ್ಲ ಧಾರಾವಾಹಿಯಲ್ಲೂ ನಡುವೆ ಮೆಟ್ಟಿಲು, ಪಕ್ಕದಲ್ಲಿ ಹೂದಾನಿ ಇರುತ್ತೆ ಭಾವ!"

ಭಾವ ನನ್ನನ್ನು ದಿಟ್ಟಿಸಿ ನೋಡಿದರು. "ಹೆಡ್ ಮೇಡಂ ಇನ್ನೂರು ಪ್ರತಿ ಕೊಟ್ರು, ನಾನು ಹತ್ತು ಕೊಟ್ಟೆ. ಅದಕ್ಕೆ ಅವರ ಕಡೆ ಮಾತಾಡ್ತಿದೀಯ."

"ಜ್ವರ ಅಂತ ಹೇಳಿ ಮಲಗಿಬಿಡಿ. ನಾನು ಸಂಭಾಳಿಸ್ತೀನಿ."

"ಆಗಲ್ಲ" ಎಂದರು. ಹಾಳೆಗಳನ್ನು ಕಿತ್ತುಕೊಂಡು ಜೋಡಿಸಿಕೊಂಡರು. "ನಾನು ಕಣ್ಣಲ್ಲಿ ನೋಡಿದೀನಿ. ನಾಳೆ ನಾಲ್ಕಕ್ಕೆ ಅಲ್ಲಿರ್ತೀನಿ."

ಭಾನುವಾರ ವಾಚನಾಲಯದಲ್ಲಿ ನಿಲ್ಲಲು ಜಾಗವಿರಲಿಲ್ಲ. ಪತ್ರಿಕೆಗಳನ್ನು ಓದಲು ಬಂದ ಇಬ್ಬರು ಹಿರಿಯರು ಓದಲಾಗದೆ ಹೋಗಲೂ ಆಗದೆ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದಳು, ಅಕ್ಕಪಕ್ಕದಲ್ಲಿ ಮಗಳು, ಮೊಮ್ಮಗಳು. ನಾಲ್ಕನೇ ಸಾಲಿನಲ್ಲಿ ಸಾಹೇಬರು ಟೋಪಿ ಹಾಕಿಕೊಂಡು ಯಾರಿಗೂ ಗುರುತು ಸಿಗದ ಹಾಗೆ ಕೂತಿದ್ದರು. ಎಲ್ಲರೂ ಅವರಿಗೆ ನಮಸ್ಕಾರ ಮಾಡಿ ಮುಂದೆ ಹೋಗುತ್ತಿದ್ದರು.

ಹೆಡ್ ಮೇಡಂ ಒಂಬತ್ತು ನೋಟ್‌ಬುಕ್ ಮೇಜಿನ ಮೇಲಿಟ್ಟು ಇಪ್ಪತ್ತು ನಿಮಿಷ ಮಾತಾಡಿದರು. ಮೂವತ್ತೊಂದನೇ ಕಂತಿನಲ್ಲಿ ದೊಡ್ಡ ಸೊಸೆ ಒಂದು ಇರುವೆಯನ್ನು ಕೂಡ ತುಳಿಯದೆ ದಾಟಿದ್ದು, ಇನ್ನೂರ ಆರನೆಯದರಲ್ಲಿ ತನ್ನ ಪಾಲಿನ ಊಟವನ್ನು ಚಿಕ್ಕ ಸೊಸೆಗೆ ಕೊಟ್ಟದ್ದು, ಎಲ್ಲಕ್ಕೂ ಪುಟಸಂಖ್ಯೆ ಸಹಿತ ಸಾಕ್ಷಿ. ಬಳಗ ಚಪ್ಪಾಳೆ ತಟ್ಟಿತು.

ಭಾವ ಎದ್ದರು. ನಾಲ್ಕು ಹಾಳೆ ಕೈಯಲ್ಲಿ. ಗಂಟಲು ಸರಿಮಾಡಿಕೊಂಡು, "ಮನೆ ಒಂಬತ್ತು" ಎಂದು ಶುರು ಮಾಡಿದರು.

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಅಂದೆನಲ್ಲ, ಅದಕ್ಕೇ ಹೇಳುತ್ತಿದ್ದೇನೆ: ಸಭೆ ಉಸಿರಾಡಲಿಲ್ಲ. ಹಗಲು ಅಡುಗೆಮನೆಯಲ್ಲಿ ಅತ್ತು ಕಣ್ಣು ಊದಿಸಿಕೊಂಡ ಹೆಂಗಸು. ಮನೆಯವರಿಗೆ ಯಾರಿಗೂ ತಿಳಿಯದ ಹಾಗೆ ಊರಾಚೆಯ ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕುತ್ತಾಳೆ. ಅಲ್ಲಿ ಅವಳ ಕೈ ನಡುಗುವುದಿಲ್ಲ. ಮನೆಗೆ ಬಂದು ಅತ್ತೆಯ ಹಾಲಿಗೆ ನಾಲ್ಕು ಹನಿ ಬಿಡುತ್ತಾಳೆ, ಆಗಲೂ ಕೈ ನಡುಗುವುದಿಲ್ಲ. ಆಪರೇಷನ್ ಮೇಜಿನ ಮೇಲೆ ಮುಖ ಮುಚ್ಚಿ ಮಲಗಿದ್ದು ಅದೇ ಅತ್ತೆ ಎಂದು ಸಭೆ ತಾನೇ ಸೇರಿಸಿಕೊಂಡಿತು. ಮುಖವಾಡದ ಮೇಲೆ ಎರಡು ಕಣ್ಣು ಮಾತ್ರ. ಅವಳು ಉಳಿಸುತ್ತಾಳೆ. ಮನೆಗೆ ಬಂದು ಪುನಃ ಅಳುತ್ತಾಳೆ.

"ತಾನೇ ವಿಷ ಹಾಕಿ ತಾನೇ ಯಾಕೆ ಉಳಿಸಿದ್ಲು?" ಎಂದು ಹಿಂದಿನ ಸಾಲಿನಿಂದ ಯಾರೋ ತಡೆಯಲಾಗದೆ ಕೂಗಿದರು.

"ಕಾರಣ ಹದಿನಾಲ್ಕನೇ ನಂಬರ್ ಮನೇಲಿ ಗೊತ್ತಾಗಬೇಕಿತ್ತು" ಎಂದರು ಭಾವ. "ಅಲ್ಲಿ ನಾಯಿ ಬಿಟ್ಟಿದ್ರು."

"ಅಯ್ಯೋ!" ಎಂದಿತು ಸಭೆ. ಹದಿನಾಲ್ಕನೇ ನಂಬರಿನ ಯಜಮಾನರು ತಲೆ ತಗ್ಗಿಸಿದರು.

ಹೆಡ್ ಮೇಡಂ ಎದ್ದು ಕನ್ನಡಕ ಸರಿಮಾಡಿಕೊಂಡರು. "ಕಂತಿನ ಸಂಖ್ಯೆ ಹೇಳಿ."

"ಕಂತು ಗೊತ್ತಿಲ್ಲ. ಮನೆ ನಂಬರ್ ಹನ್ನೊಂದು."

"ಹನ್ನೊಂದನೇ ನಂಬರ್ ಮನೆಯವರು ಇದಾರಾ?"

ಇದ್ದರು. ಮೂರನೇ ಸಾಲಿನಿಂದ ಎದ್ದು ನಿಂತರು. "ಹೌದು, ಮಂಗಳವಾರ ಮೀಟರಿನವರು ಬಂದಾಗ ಹಾಲಿಗೆ ವಿಷ ಹಾಕೋ ಸೀನೇ ಬರ್ತಿತ್ತು. ಆದ್ರೆ ಅದು ‘ಮುಚ್ಚಿದ ಕಿಟಕಿ’ ಅಲ್ಲ. ‘ಮೌನದ ಸೇಡು’. ಹಳೇದು. ನಮ್ಮತ್ತೆಗೆ ಅದೇ ಇಷ್ಟ."

"ಹತ್ತನೇ ನಂಬರ್?"

"ನಮ್ಮದು ‘ಬಿಳಿ ಕೋಟಿನ ಹುಡುಗಿ’" ಎಂದಿತು ಇನ್ನೊಂದು ದನಿ.

ನಗು ಶುರುವಾಯಿತು, ಕಿಟಕಿಯ ಗಾಜು ಅದುರುವಷ್ಟು. ಮೂಲೆಯ ಹಿರಿಯರು ಪತ್ರಿಕೆ ಮುಖಕ್ಕೆ ಹಿಡಿದು ನಕ್ಕರು. ನನಗೆ ಎದ್ದು ಓಡಿಹೋಗಬೇಕು ಅನಿಸಿತು. ಭಾವ ಓಡಲಿಲ್ಲ. ಹಾಳೆಗಳನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ನೋಡಿದರು. ನಗು ತಗ್ಗುವವರೆಗೆ ಕಾದರು.

"ರೀಡಿಂಗ್ ಸರಿಯಿದೆ" ಎಂದರು. "ಮೀಟರ್ ಬೇರೆ."

ಮತ್ತೆ ನಗು. ಹೆಡ್ ಮೇಡಂ ಮೊದಲ ಸಾಲಿನತ್ತ ತಿರುಗಿದರು. "ಯಾರೋ ಬೀದಿ ಸುತ್ತೋರು ಏನೋ ಅಂದ್ರೆ, ಎಂಟುನೂರು ಕಂತು ನೋಡಿರೋ ಹಿರಿಯರು ಅದನ್ನ ನಂಬಿ ಊರಿಗೆಲ್ಲ ಸಾರಿಕೊಂಡು ಬಂದ್ರಲ್ಲ! ಎಚ್ಚರವಾಗಿದ್ದು ನೋಡಿದ್ದಿದ್ರೆ ಹೀಗಾಗ್ತಿರಲಿಲ್ಲ."

ಅಮ್ಮನ ಮುಖ ಕೆಂಪಾಯಿತು. ಅವಳು ನೆಲ ನೋಡಿದಳು. ಅಮ್ಮ ನೆಲ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಮೇಡಂ," ಎಂದರು ಭಾವ, ಹಿಂದೆ ಎಂದೂ ಕೇಳಿರದಷ್ಟು ಗಟ್ಟಿ ದನಿಯಲ್ಲಿ. "ನಮ್ಮತ್ತೇನ ಏನೂ ಅನ್ನಬೇಡಿ. ಅವರದ್ದು ತಪ್ಪಿಲ್ಲ. ಅವರು ಒಂದು ಕಂತಲ್ಲೂ ಕಣ್ಣು ಮುಚ್ಚಿಲ್ಲ. ನಾನು ಸಾಕ್ಷಿ."

"ನೀವು ಹೇಗೆ ಸಾಕ್ಷಿ?"

"ನಾನು ಕೂರೋದು ಟಿವಿ ಹಿಂದೆ. ಹತ್ತೊಂಬತ್ತು ವರ್ಷದಿಂದ ದಿನಾ ಸಂಜೆ ಇವರ ಮುಖವನ್ನೇ ನೋಡ್ತಿದೀನಿ. ದೊಡ್ಡ ಸೊಸೆ ಅತ್ತಾಗ ಇವರೂ ಅಳ್ತಾರೆ, ಸೆರಗಿನ ತುದಿಯಲ್ಲಿ ಒರೆಸ್ಕೋತಾರೆ. ಎಂಟುನೂರ ಹನ್ನೆರಡು ಕಂತು ನೀವು ದೊಡ್ಡ ಸೊಸೇನ ನೋಡಿದೀರಿ, ನಾನು ಇವರನ್ನ ನೋಡಿದೀನಿ. ತಪ್ಪು ಕಥೆ ತಂದಿದ್ದು ನಾನು. ಅವರು ನಂಬಿದ್ರು, ಅಷ್ಟೇ."

ಈ ಸಲ ಯಾರೂ ನಗಲಿಲ್ಲ. "ಹತ್ತೊಂಬತ್ತು ವರ್ಷ ಟಿವಿ ಹಿಂದೇನಾ?" ಎಂದು ಯಾರೋ ಪಿಸುಗುಟ್ಟಿದರು. ಇಡೀ ಸಭೆ ನಮ್ಮ ಮನೆಯವರ ಕಡೆ ನೋಡಿತು. ಅಕ್ಕ ತಲೆ ತಗ್ಗಿಸಿದಳು. ನಾನು ಮುಖಕ್ಕೆ ಹಿಡಿಯಲು ಪತ್ರಿಕೆಯೊಂದನ್ನು ಹುಡುಕಿದೆ, ಸಿಗಲಿಲ್ಲ. ಔಷಧಿ ಅಂಗಡಿಯವರು ಗಡಿಬಿಡಿಯಲ್ಲಿ ಎದ್ದು, ದೊಡ್ಡ ಸೊಸೆ ಸದ್ಯಕ್ಕೆ ಒಳ್ಳೆಯವಳು ಎಂದು ತೀರ್ಪು ಕೊಟ್ಟು ಸಭೆ ಮುಗಿಸಿದರು.

ಸೋಮವಾರ ಬೆಳಿಗ್ಗೆ ಅಮ್ಮ, "ನಿನ್ನ ಗಂಡನಿಗೆ ಹೇಳು, ಹೊರಗಿನ ಬಾಗಿಲು ಹಾಕಿಕೊಂಡು ಹೋಗಲಿ" ಎಂದಳು. ಭಾವ ಬಾಗಿಲು ಹಾಕಿಕೊಂಡು ಹೋದರು. ಐದನೇ ಅಡ್ಡರಸ್ತೆಯ ಇಪ್ಪತ್ಮೂರು ಮನೆಗಳ ರೀಡಿಂಗ್ ತೆಗೆದುಕೊಂಡರು. ಪ್ರತಿ ಮನೆಯಲ್ಲೂ ನಕ್ಕರಂತೆ, ಒಂದು ಮನೆಯಲ್ಲಿ ಮಕ್ಕಳು ಬಿಳಿ ಟವಲು ಹೊದ್ದು ಡಾಕ್ಟರ್ ಆಗಿ ತೋರಿಸಿದರಂತೆ. ಭಾವ ಒಂದು ಮನೆಯನ್ನೂ ಬಿಡಲಿಲ್ಲ.

ಸಂಜೆ ಬಂದು ಕೈಕಾಲು ತೊಳೆದುಕೊಂಡು, ತಾವೇ ತಟ್ಟೆಗೆ ಬಡಿಸಿಕೊಂಡು, ಸೋಫಾದತ್ತ ನೋಡದೆ ಹೋಗಿ ಸ್ಟೂಲಿನ ಮೇಲೆ ಕೂತರು. ಏಳೂವರೆ ಆಯಿತು. ‘ಮುಚ್ಚಿದ ಕಿಟಕಿ’ಯ ಶೀರ್ಷಿಕೆ ಗೀತೆ ಶುರುವಾಯಿತು. ಆರು ವಾರದಿಂದ ಮಲಗಿದ್ದ ಅತ್ತೆ ಅವತ್ತೂ ಮಲಗಿದ್ದಳು. ದೊಡ್ಡ ಸೊಸೆ ಅವಳ ಕಾಲ ಬಳಿ ಕೂತು ಅವತ್ತೂ ಅತ್ತಳು.

ಅಮ್ಮ ಒಮ್ಮೆ ಕಾಲು ಮಡಚಿದಳು. ಒಮ್ಮೆ ಬಿಚ್ಚಿದಳು. ಸೆರಗಿನ ತುದಿ ಕೈಯಲ್ಲೇ ಇತ್ತು, ಕಣ್ಣಿಗೆ ಹೋಗಲಿಲ್ಲ. ನಾನು ತಿರುಗಿ ನೋಡಿದರೆ ಅವಳು ಪರದೆ ನೋಡುತ್ತಲೇ ಇರಲಿಲ್ಲ. ಟಿವಿಯ ಮೇಲಿಂದ ಆಚೆ ನೋಡುತ್ತಿದ್ದಳು.

"ಅಲ್ಲ," ಎಂದಳು. "ಅವಳು ತಾನೇ ವಿಷ ಹಾಕಿ ತಾನೇ ಯಾಕೆ ಉಳಿಸಿದ್ಲು?"

ಭಾವ ತುತ್ತು ಕೈಯಲ್ಲೇ ಹಿಡಿದುಕೊಂಡರು. "ಯಾರು ಅತ್ತೆ?"

"ನಿಮ್ಮ ದೊಡ್ಡ ಸೊಸೆ. ರಾತ್ರಿಯೆಲ್ಲ ಅದೇ ಯೋಚನೆ ನಂಗೆ. ಮನಸ್ಸು ಕರಗಿತೋ, ಇಲ್ಲ ಇನ್ನೇನಾದ್ರೂ ಉದ್ದೇಶ ಇತ್ತೋ?"

"ಅಜ್ಜಿ, ಸೀರಿಯಲ್ ನಡೀತಿದೆ" ಎಂದಳು ಹುಡುಗಿ.

"ನಡೀಲಿ ಬಿಡೇ. ಅದು ನಾಳೆ ಮಧ್ಯಾಹ್ನ ಎರಡಕ್ಕೆ ಮತ್ತೆ ಬರುತ್ತೆ. ಇವರು ಹೇಳೋದು ಮತ್ತೆ ಬರುತ್ತಾ?" ಅಮ್ಮ ಸೋಫಾದ ಮಧ್ಯದಿಂದ ಪಕ್ಕಕ್ಕೆ ಸರಿದಳು. ನಾನು ಕಣ್ಣಾರೆ ಕಂಡದ್ದು: ಮಧ್ಯದಿಂದಲೇ ಸರಿದಳು. "ಅಲ್ಲಿಂದ ಕೂಗಬೇಡಿ ಅಳಿಯಂದ್ರೇ, ಇಲ್ಲಿ ಬಂದು ಹೇಳಿ."

ಭಾವ ಬಂದು ಕೂತರು. ಮೂರು ಮುಖಗಳು ಅವರ ಕಡೆ ತಿರುಗಿದವು, ನಾನೂ ನೆಲದಿಂದ ತಿರುಗಿದೆ. ಏನಾದರೂ ಒಂದು ಹೇಳಿಬಿಡಿ ಭಾವ, ಬಾಯಿಗೆ ಬಂದದ್ದು ಹೇಳಿಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಕಾರಣ ಇನ್ನೂ ನೋಡಿಲ್ಲ ಅತ್ತೆ" ಎಂದರು ಭಾವ. "ನೋಡದೇ ಇರೋದನ್ನ ಹೇಳೋಕಾಗಲ್ಲ. ನಾಳೆ ಆರನೇ ಅಡ್ಡರಸ್ತೆ ಇದೆ. ನಲವತ್ತು ಮನೆ."

ಅಮ್ಮ ತಲೆಯಾಡಿಸಿ ಅಕ್ಕನ ಕಡೆ ತಿರುಗಿದಳು.

"ನಾಳೆ ಇವರ ಊಟದ ಡಬ್ಬಿ ಬೆಳಿಗ್ಗೆಯೇ ಕಟ್ಟಿಕೊಡೇ, ಹನ್ನೆರಡಕ್ಕೇ ಊಟ ಮುಗಿಸಲಿ. ಎರಡು ಗಂಟೆಗೆ ಸರಿಯಾಗಿ ಮೊದಲನೇ ಮನೇಲಿರಬೇಕು."